ತಂಬೂರಿಯ ಎಲುಬಿನ ಕುದರಿ

ಟಿಕೋಟಾ ಕಡೆ ಹೋಗೋವಾಗ ತೊರವಿ ಹತ್ತಿರ ನವರಸಪುರದ ಸಂಗೀತ ಮಹಲ್ ಕಾಣತೈತಲ್ರಿ, ಆ ಊರನ್ನ ಎರಡನೇ ಇಬ್ರಾಹಿಂ ಆದಿಲ್‌ಶಾಹ 1599ರಾಗ ಕಟ್ಟಾಕ ಹಚ್ಚಿದ್ದ. 1624ರಾಗ ಮಲಿಕ್ ಅಂಬರನ ದಂಡು ಬಂದು ಹಾಳ ಮಾಡಿ ಹೋತು. ಆ ಅರಸನಿಗೆ ತಂಬೂರಿ ಅಂದರ ಜೀವ. ತನ್ನ ತಂಬೂರಿಗೆ ‘ಮೋತಿ ಖಾನ್’ ಅಂತ ಮನುಷ್ಯಾರ ಹೆಸರ ಇಟ್ಟಿದ್ದ!

ಈಗ ನಮ್ಮ ಕಡೆ ತಂಬೂರಿ ಬೇಕಂದರ ಮಿರಜಿಗೇ ಹೋಗಬೇಕು. ಅಲ್ಲಿ ಈ ಕಸುಬು ಹಿಡಿದವರು ಮೊದಲ ಕತ್ತಿ, ಕಠಾರಿಗೆ ಸಾಣಿ ಹಿಡಿಯೋ ಶಿಕಲಗಾರರು. ರಾಜರ ಕಾಳಗ ನಿಂತು ಕತ್ತಿ ಕೇಳೋರಿಲ್ಲದಂಗ ಆದಾಗ, 1850ರ ಸುಮಾರಿಗೆ, ಫರೀದಸಾಹೇಬರು ಅನ್ನೋರು ವಾದ್ಯದ ಕೆಲಸಕ್ಕ ಇಳದರು. 2024ರಾಗ ಮಿರಜಿನ ತಂಬೂರಿಗೆ, ಸಿತಾರಿಗೆ ಜಿಐ ಗುರುತೂ ಸಿಕ್ಕೈತಿ.

ತಂಬೂರಿ ಅಂದರ ನಾವು ಬುರುಡಿ, ದಂಡಿ, ನಾಕು ತಂತಿ ಇಷ್ಟ ನೋಡತೀವಿ. ಬುರುಡಿ ಮುಂದಿನ ಹಲಗಿಮ್ಯಾಲೆ ತಂತಿ ಕೆಳಗ ಒಂದು ಬೆಳ್ಳಗಿನ ಅಗಲ ಪಟ್ಟಿ ಇರತೈತಿ ನೋಡ್ರಿ, ಅದಕ್ಕ ಕುದರಿ ಅಂತಾರ. ಮೊದಲ ಆನಿದಂತದ್ದು, ಜಿಂಕಿ ಕೊಂಬಿಂದು ಮಾಡತಿದ್ದರು. 1972ರ ವನ್ಯಜೀವಿ ಕಾಯ್ದೆ, ಆಮ್ಯಾಲಿನ ತಿದ್ದುಪಡಿ ಬಂದು ಅದರ ವ್ಯಾಪಾರ ಬಂದ್ ಆತು. ಆಗ ಉಳದದ್ದು ಎಲುಬು, ಅದರಾಗೂ ಒಂಟಿ ಕಾಲಿಂದು. ಅದು ದಪ್ಪ, ಗಟ್ಟಿ. ಕುದಿಸಿ ಜಿಡ್ಡು ತಗದು, ಒಣಗಿಸಿ, ಕೊಯ್ದು, ಕಟಗಿಮ್ಯಾಲೆ ಅಂಟಸತಾರ. ಜಿಡ್ಡು ಉಳದರ ಹಳದಿ ಆಕ್ಕೈತಿ.

ಆಮ್ಯಾಲೆ ಅರ ಹಿಡದು ಕಣ್ಣಿಗೆ ಕಾಣದಷ್ಟು ಇಳಿಜಾರ ತಿಕ್ಕತಾರ. ತಂತಿ ಆ ಇಳಿಜಾರಕ್ಕ ತಾಗಿ ತಾಗಿ ದುಂಬಿಯಂಗ ಗುಂಯ್ ಅಂತೈತಿ. ಇದಕ್ಕ ಜವಾರಿ ಅಂತಾರ. (ನಮ್ಮ ಜವಾರಿ ಬದನಿಕಾಯಿ ಅಲ್ರಿ, ಇದು ಬ್ಯಾರೆ!) ಬಾರಿಸಿ ಬಾರಿಸಿ ತಂತಿ ಗೀರು ಬಿದ್ದರ ದನಿ ಸಾಯತೈತಿ, ಮತ್ತ ತಿಕ್ಕಬೇಕು. ಮೆತ್ತಗಿನ ಪದಾರ್ಥ ಲಗೂನ ಸವಿತೈತಿ, ಅದಕ್ಕ ಎಲುಬು.

ಹೋದ ಶ್ರಾವಣದಾಗ ನಮ್ಮತ್ತಿಯವರ ತಂಬೂರಿ ರಿಪೇರಿಗೆ ಬಂದಾಗ ಈ ಮಾತು ಹೊರಗ ಬಿತ್ತು. ಭಜನಿ ಬಳಗದಾಗ ಗದ್ದಲ. “ಏಕಾದಶಿ ದಿನ ಎಲುಬು ಮುಂದಿಟ್ಟಗೊಂಡು ಹಾಡೋದೇನ್ರಿ? ತಗಸಿ ಪ್ಲಾಸ್ಟಿಕ್‌ದು ಹಾಕಸ್ರಿ” ಅಂದರು ಒಬ್ಬ ವೈನಿ. ಇನ್ನೊಬ್ಬರು ಬರೂದ ಬಿಟ್ಟರು. ನಾ ಅಂದೆ, “ಡಗ್ಗಾ, ಪಖವಾಜಕ್ಕ ಹೊದಿಸಿದ್ದು ಏನ್ರಿ, ಇಳಕಲ್ ಸೀರಿಯೇನು? ಚರ್ಮಕ್ಕ ಕೈ ಮುಗದು ಹೂ ಏರಸ್ತೀವಿ, ಎಲುಬಿಗೆ ಯಾಕ ಮೂಗ ಮುರೀಬೇಕು?” ಯಾರೂ ಮಾತಾಡಲಿಲ್ಲ. ಮಂದಿ ಮನಸಿನಾಗ ಕಸಿವಿಸಿ ಇದ್ದರ ಅದನ್ನ ನಾ ಹಗುರ ಮಾಡೂದಿಲ್ಲ. ಕಟಗಿ ಕುದರಿನೂ ಬರತಾವು, ಬೇಕಾದವರು ಹಾಕಸಬಹುದು. ಆದರ ನಲವತ್ತು ವರ್ಷ ಅತ್ತಿಯವರು ಶ್ರುತಿ ಹಿಡದ ಕುದರಿ ನಮ್ಮನ್ಯಾಗ ಬದಲಿ ಆಗಲಿಲ್ಲ.

ರಿಪೇರಿಯವರು ಬರೇ ಜವಾರಿ ತಗದು, ಪ್ರತಿ ತಂತಿ ಕೆಳಗ ಹೊಸಾ ಹತ್ತಿದಾರ ಇಟ್ಟು ಹೋದರು. ಆ ದಾರಕ್ಕ ಜೀವಾ ಅಂತಾರ್ರಿ. ಕೂದಲೆಳಿ ಅಷ್ಟು ಸರಿಸಿದರ ಸಾಕು, ದನಿ ಬಿಚ್ಚತೈತಿ.