ಪಾಡಿಯ ಬ್ರೇಕು, ವಂಡಲೂರಿನ ಕಾರು

ಚೆನ್ನೈನಲ್ಲಿ ಕಾರು ತಯಾರಾಗುತ್ತೆ ಅಂದ ಕೂಡಲೆ ಎಲ್ಲರಿಗೂ ನೆನಪಾಗೋದು ಶ್ರೀಪೆರಂಬದೂರಿನ ಹ್ಯುಂಡೈ. ಅಲ್ಲಿಂದ ಮೊದಲ ಕಾರು ಹೊರಬಂದದ್ದು 1998ರಲ್ಲಿ. ಅದಕ್ಕೂ ಬಹಳ ಮುಂಚೆ, ಈ ಊರಿನ್ನೂ ಮದರಾಸಾಗಿದ್ದಾಗ, ತಾಂಬರಂ ದಾಟಿದ ಮೇಲೆ ಸಿಗುವ ವಂಡಲೂರಿನ ಕಡೆ ಒಂದು ಕಾರು ತಯಾರಾಗುತ್ತಿತ್ತು. ಅದರ ಹೆಸರು ಸ್ಟ್ಯಾಂಡರ್ಡ್ ಹೆರಾಲ್ಡ್. ನಮ್ಮೂರ ಡಾಕ್ಟರ ಮನೆ ಮುಂದೆ ಒಂದು ನಿಂತಿರುತ್ತಿತ್ತು, ನಿಮ್ಮೂರಲ್ಲೂ ಇದ್ದಿರಬಹುದು. ನಾನು ಹೊಟ್ಟೆಪಾಡಿಗೆ ಈ ಊರಿಗೆ ಬರುವ ಹೊತ್ತಿಗೆ ಕಾರ್ಖಾನೆ ಬಾಗಿಲು ಹಾಕಿ ಆಗಿತ್ತು. ಆದರೆ ಆ ಕಾರಿಗೆ ಇವತ್ತು ಒಳ್ಳೆಯ ಬ್ರೇಕು ಹಾಕಬೇಕು ಅಂತ ಹೊರಟರೆ ಈ ಊರಿನ ಅರ್ಧ ಚರಿತ್ರೆ ಕೈಗೆ ಸಿಗುತ್ತದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

1948ರಲ್ಲಿ ಮದರಾಸಿನ ಯೂನಿಯನ್ ಕಂಪನಿಯವರು ಇಂಗ್ಲೆಂಡಿನ ಕವೆಂಟ್ರಿಯ ಸ್ಟ್ಯಾಂಡರ್ಡ್ ಕಂಪನಿಯ ಜೊತೆ ಸೇರಿ ಸ್ಟ್ಯಾಂಡರ್ಡ್ ಮೋಟರ್ ಪ್ರಾಡಕ್ಟ್ಸ್ ಆಫ್ ಇಂಡಿಯಾ ಕಟ್ಟಿದರು. ಮೊದಮೊದಲು ಮಾಡಿದ್ದು ವ್ಯಾನ್‌ಗಾರ್ಡ್ ಕಾರನ್ನು ಜೋಡಿಸುವ ಕೆಲಸ. ಆಗ ಮದರಾಸಿನಲ್ಲಿ ಜೋಡಿಸುವವರು ಇನ್ನೂ ಇದ್ದರು. ಎಣ್ಣೂರಿನಲ್ಲಿ ಅಶೋಕ್ ಮೋಟರ್ಸ್‌ನವರು ಆಸ್ಟಿನ್ ಜೋಡಿಸುತ್ತಿದ್ದರು (ಅದೇ ಮುಂದೆ 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಯಿತು). 1950ರ ದಶಕದ ಮೊದಲರ್ಧದಲ್ಲಿ ದೆಹಲಿ ಸರ್ಕಾರ ಒಂದು ಮಾತು ಖಡಾಖಂಡಿತವಾಗಿ ಹೇಳಿತು. ಬಿಡಿಭಾಗಗಳನ್ನೂ ಇಲ್ಲೇ ಮಾಡುವ ಯೋಜನೆ ಇದ್ದರೆ ಇರಿ, ಬರೀ ಜೋಡಿಸುವುದಾದರೆ ಹೊರಡಿ. ಜನರಲ್ ಮೋಟರ್ಸ್, ಫೋರ್ಡ್ ಗಂಟುಮೂಟೆ ಕಟ್ಟಿದವು. ಕಾರಿನಲ್ಲಿ ಉಳಿದದ್ದು ಮೂರೇ: ಕಲ್ಕತ್ತದ ಕಡೆಯ ಅಂಬಾಸಡರ್, ಬೊಂಬಾಯಿಯ ಫಿಯಟ್, ಮದರಾಸಿನ ಸ್ಟ್ಯಾಂಡರ್ಡ್. ನಮ್ಮ ತಲೆಮಾರಿನವರ ಬಾಲ್ಯದ ರಸ್ತೆಯಲ್ಲಿ ಇದ್ದದ್ದು ಇವು ಮೂರೇ ಅನ್ನುವುದು ಸುಮ್ಮನೆ ಅಲ್ಲ.

ಹೆರಾಲ್ಡ್ ಇಂಗ್ಲೆಂಡಿನಲ್ಲಿ 1959ರಲ್ಲಿ ಟ್ರಯಂಫ್ ಹೆಸರಿನಲ್ಲಿ ಹೊರಬಂತು. ವಿನ್ಯಾಸ ಇಟಲಿಯ ಜೊವಾನ್ನಿ ಮಿಕೆಲೊಟ್ಟಿಯದು. 1961ರಲ್ಲಿ ಅದು ಮದರಾಸಿನಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ಆಯಿತು. 948 ಸಿಸಿ ಎಂಜಿನ್ನು, ಪುಟ್ಟ ಗಾಡಿ, ಸುಮಾರು 25 ಅಡಿ ಅಗಲದೊಳಗೆ ಪೂರ್ತಿ ಸುತ್ತು ತಿರುಗುತ್ತಿತ್ತು. ಮೈಲಾಪುರದ ಗಲ್ಲಿಗಳಿಗೆ ಹೇಳಿ ಮಾಡಿಸಿದ ಹಾಗೆ. ನಮ್ಮ ಉಡುಪಿ ಕಡೆಯ ಕೆ. ಕೃಷ್ಣರಾಯರು ಕೆಥೆಡ್ರಲ್ ರಸ್ತೆಯಲ್ಲಿ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ತೆರೆದದ್ದು 1962ರಲ್ಲಿ. ಮರದ ಕೆಳಗೆ ಕಾರು ನಿಲ್ಲಿಸಿದರೆ ಕಾರಿಗೇ ದೋಸೆ ಬರುತ್ತಿತ್ತು. ಅದು 2008ರಲ್ಲಿ ಮುಚ್ಚಿ ಈಗ ಆ ಜಾಗ ಸೆಮ್ಮೊಳಿ ಪೂಂಗಾ ಆಗಿದೆ. ಆ ಮರಗಳ ಕೆಳಗೆ ಹೆರಾಲ್ಡುಗಳು ನಿಂತದ್ದನ್ನು ಕಂಡವರು ಈಗಲೂ ಅದರ ಮಾತು ತೆಗೆದರೆ ನಿಲ್ಲಿಸುವುದಿಲ್ಲ.

ಈಗ ಪಾಡಿಗೆ ಬನ್ನಿ. ಅಣ್ಣಾ ನಗರದ ಪಕ್ಕದ ಪಾಡಿ. ಸರ್ಕಾರ ಬಿಡಿಭಾಗ ಇಲ್ಲೇ ಮಾಡಿ ಅಂದದ್ದರ ಫಲ ಕಾಣಬೇಕಾದರೆ ಅಲ್ಲಿಗೇ ಹೋಗಬೇಕು. 1960ರಲ್ಲಿ ವೀಲ್ಸ್ ಇಂಡಿಯಾ, 1961ರಲ್ಲಿ ಲೂಕಸ್ ಟಿವಿಎಸ್, 1962ರಲ್ಲಿ ಬ್ರೇಕ್ಸ್ ಇಂಡಿಯಾ ಮತ್ತು ಸುಂದರಂ ಕ್ಲೇಟನ್. ಎಲ್ಲಾ ಟಿವಿಎಸ್ ಮನೆತನದವು. ಬ್ರೇಕ್ಸ್ ಇಂಡಿಯಾದಲ್ಲಿ ಅವರ ಪಾಲುದಾರರು ಇಂಗ್ಲೆಂಡಿನ ಲೂಕಸ್, ಅಂದರೆ ಗರ್ಲಿಂಗ್ ಬ್ರೇಕಿನ ಒಡೆಯರು. ಇಂಗ್ಲೆಂಡಿನ ಹೆರಾಲ್ಡಿನಲ್ಲಿದ್ದದ್ದೂ ಗರ್ಲಿಂಗ್ ಬ್ರೇಕೇ. ಹೀಗೆ ಕಾರೂ ಅದರ ಬ್ರೇಕಿನ ವಿದ್ಯೆಯೂ ಹೆಚ್ಚುಕಡಿಮೆ ಒಂದೇ ವರ್ಷ ಒಂದೇ ಊರಿಗೆ ಬಂದಿಳಿದವು.

ಆದರೂ ನಮ್ಮ ಹೆರಾಲ್ಡಿಗೆ ಸಿಕ್ಕಿದ್ದು ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಇದರಲ್ಲಿ ಒಂದು ವಿಚಿತ್ರ ಇದೆ ನೋಡಿ. 1953ರಲ್ಲಿ ಲ ಮಾನ್ ರೇಸನ್ನು ಜಾಗ್ವಾರ್ ಡಿಸ್ಕ್ ಬ್ರೇಕಿನ ಬಲದಿಂದ ಗೆದ್ದ ಮೇಲೆ, 1956ರಲ್ಲೇ ಕವೆಂಟ್ರಿಯ ಇದೇ ಸ್ಟ್ಯಾಂಡರ್ಡ್-ಟ್ರಯಂಫ್ ಕಂಪನಿ ತನ್ನ ಟಿಆರ್3 ಕಾರಿಗೆ ಗರ್ಲಿಂಗ್ ಡಿಸ್ಕ್ ಹಾಕಿ ಮಾರಿತ್ತು. 1962ರ ಸ್ಪಿಟ್‌ಫೈರ್ ಅಂತೂ ಹೆರಾಲ್ಡಿನ ಒಡಹುಟ್ಟು, ಮುಂದಿನ ಚಕ್ರದ ಜೋಡಣೆ ಎರಡಕ್ಕೂ ಒಂದೇ ಮನೆಯದು. ಅದಕ್ಕೂ ಡಿಸ್ಕ್ ಇತ್ತು. ಮದರಾಸಿಗೆ ಮಾತ್ರ ಬರಲಿಲ್ಲ. ಮೂರೇ ಕಾರು, ಬುಕ್ ಮಾಡಿ ವರ್ಷಗಟ್ಟಲೆ ಕಾಯುವ ಗಿರಾಕಿ, ಮೇಲೆ ಸರ್ಕಾರದ ಬೆಲೆ ನಿಯಂತ್ರಣ. ಇಂಥ ಕಾಲದಲ್ಲಿ ಬ್ರೇಕು ಉತ್ತಮ ಮಾಡಬೇಕೆಂಬ ಒತ್ತಡ ಯಾರ ಮೇಲೂ ಇರಲಿಲ್ಲ ಅನ್ನುವುದು ನನ್ನ ಎಣಿಕೆ. ರಸ್ತೆಯೂ ಖಾಲಿ ಇತ್ತು, ಸಾಕಾಗುತ್ತಿತ್ತು.

ಈಗ ಸಾಕಾಗುವುದಿಲ್ಲ. 40 ಕಿಲೋಮೀಟರ್ ವೇಗದ ಗಾಡಿಗಿಂತ 80ರ ಗಾಡಿಯನ್ನು ನಿಲ್ಲಿಸಲು ನಾಲ್ಕು ಪಟ್ಟು ಶಕ್ತಿಯನ್ನು ಬಿಸಿಯಾಗಿ ಬಿಡಬೇಕು. ಡ್ರಮ್ ಬಿಸಿಯಾದರೆ ಹಿಗ್ಗುತ್ತದೆ, ಲೈನಿಂಗಿನ ಹಿಡಿತ ಇಳಿಯುತ್ತದೆ, ಪೆಡಲ್ ತುಳಿದಷ್ಟೂ ಕೆಳಗೆ ಹೋಗುತ್ತದೆ. ಇನ್ನೊಂದು ಭಯ ಇದಕ್ಕಿಂತ ದೊಡ್ಡದು. ಹಳೆಯ ಹೆರಾಲ್ಡಿನಲ್ಲಿ ನಾಲ್ಕೂ ಚಕ್ರಕ್ಕೆ ಎಣ್ಣೆಯ ದಾರಿ ಒಂದೇ. ಎಲ್ಲಿ ಒಂದು ಪೈಪು ಸೋರಿದರೂ ನಾಲ್ಕೂ ಬ್ರೇಕು ಹೋಯಿತು. ಅಮೆರಿಕದಲ್ಲಿ 1968ರಿಂದ ಕಾರುಗಳಿಗೆ ಎರಡು ಪ್ರತ್ಯೇಕ ದಾರಿ ಕಡ್ಡಾಯವಾಯಿತು. ಚೆನ್ನೈನ ಸಮುದ್ರದ ಗಾಳಿಗೆ ಉಕ್ಕಿನ ಪೈಪು ಒಳಗೊಳಗೇ ತುಕ್ಕು ಹಿಡಿಯುವುದನ್ನು ಕಂಡವರಿಗೆ ಇದರ ಬೆಲೆ ಗೊತ್ತು.

ಇದೆಲ್ಲ ನನ್ನ ತಲೆಗೆ ಹೊಕ್ಕದ್ದು ಒಬ್ಬ ಗೆಳೆಯರಿಂದ. ಅವರೂ ನಮ್ಮ ಕಡೆಯವರು, ತಂದೆ ಕೊಂಡ ಹೆರಾಲ್ಡನ್ನು ಮಾರದೆ ಇಟ್ಟುಕೊಂಡವರು. ಮೊಮ್ಮಗಳನ್ನು ಕೂರಿಸಿಕೊಂಡು ಭಾನುವಾರ ಬೀಚಿಗೆ ಹೋಗಬೇಕು ಅನ್ನುವುದು ಅವರ ಆಸೆ, ಈ ಬ್ರೇಕಿನಲ್ಲಿ ಮಗುವನ್ನು ಕಳಿಸುವುದಿಲ್ಲ ಅನ್ನುವುದು ಮಗಳ ಹಟ. ಮಗಳದ್ದೇ ಸರಿ ಅಂತ ನನಗೂ ಅನಿಸಿತ್ತು. ಕೊನೆಗೆ ಪುದುಪೇಟೆ ಕಡೆಯ ಹಳೆಯ ಮೆಕ್ಯಾನಿಕ್ ಒಬ್ಬರನ್ನು ಹಿಡಿದರು. ಎಲ್ಲರೂ ಅವರನ್ನು ಭಾಯ್ ಅಂತಲೇ ಕರೆಯುವುದು. ನಮ್ಮ ಬೆಂಗಳೂರಿನ ಜೆ.ಸಿ. ರಸ್ತೆಯನ್ನೂ ಶಿವಾಜಿನಗರದ ಗುಜರಿಯನ್ನೂ ಸೇರಿಸಿದರೆ ಪುದುಪೇಟೆ ಆಗುತ್ತದೆ ಅಂದುಕೊಳ್ಳಿ.

ಹೆರಾಲ್ಡಿನ ಬಾನೆಟ್ ಬಹಳ ಚೆಂದ. ಮುಂದಿನ ಮಡ್‌ಗಾರ್ಡುಗಳ ಸಮೇತ ಮೊಸಳೆ ಬಾಯಿಯ ಹಾಗೆ ಮುಂದಕ್ಕೆ ತೆರೆದುಕೊಳ್ಳುತ್ತದೆ. ತೆರೆದಾಗ ಎಂಜಿನ್ ಸುತ್ತ ಬೇಕಾದಷ್ಟು ಜಾಗ ಕಾಣಿಸುತ್ತದೆ. ಇದು ಮೋಸ! ಮುಚ್ಚಿದಾಗ ಚಕ್ರದ ಕಮಾನುಗಳೂ ಬಾನೆಟ್ಟಿನ ಜೊತೆಗೇ ಒಳಗೆ ಬಂದು ಕೂರುತ್ತವೆ, ಮೇಲಿನ ತಗಡು ಇಳಿಜಾರಾಗಿ ಇಳಿಯುತ್ತದೆ. ಭಾಯ್ ಇದಕ್ಕೆ ಕಂಡುಕೊಂಡ ಉಪಾಯ ಚಪಾತಿ ಹಿಟ್ಟು. ಹೊಸ ಸಾಮಾನು ಕೂರಿಸುವ ಜಾಗದಲ್ಲಿ ಅಷ್ಟೇ ಎತ್ತರದ ಮರದ ತುಂಡಿಟ್ಟು, ಮೇಲೊಂದು ಹಿಟ್ಟಿನ ಉಂಡೆ ಅಂಟಿಸಿ ಬಾನೆಟ್ ಮುಚ್ಚಿ ತೆಗೆಯುವುದು. ಉಂಡೆ ಎಷ್ಟು ಚಪ್ಪಟೆಯಾಯಿತೋ ನೋಡಿದರೆ ಎಷ್ಟು ಸಂದು ಉಳಿಯಿತು ಅಂತ ಗೊತ್ತಾಗುತ್ತದೆ.

ಡಿಸ್ಕಿಗೂ ಡ್ರಮ್ಮಿಗೂ ಒಂದು ಮುಖ್ಯ ವ್ಯತ್ಯಾಸ ಇದೆ. ಡ್ರಮ್ಮಿನೊಳಗಿನ ಶೂ ಚಕ್ರದ ತಿರುಗುವಿಕೆಯಿಂದಲೇ ಇನ್ನಷ್ಟು ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಡಿಸ್ಕಿಗೆ ಆ ಗುಣ ಇಲ್ಲ, ಪೂರ್ತಿ ಒತ್ತಡ ನಾವೇ ಕೊಡಬೇಕು. ಅದಕ್ಕೇ ಬೂಸ್ಟರ್. ಎಂಜಿನ್ ಗಾಳಿ ಎಳೆದುಕೊಳ್ಳುವಾಗ ಆಗುವ ನಿರ್ವಾತವನ್ನು ಒಂದು ಡಬ್ಬಿಯ ಒಂದು ಬದಿಗೆ ಕೊಟ್ಟರೆ, ಇನ್ನೊಂದು ಬದಿಯಿಂದ ಹೊರಗಿನ ಗಾಳಿ ತಳ್ಳುತ್ತದೆ. 7 ಇಂಚು ಅಗಲದ ಡಬ್ಬಿಯಾದರೆ ಲೆಕ್ಕಕ್ಕೆ ಸುಮಾರು 150 ಕಿಲೋ ಭಾರದ ಸಹಾಯ. ಪುಕ್ಕಟೆ!

ಈಗಿನ ಕಾರುಗಳಲ್ಲಿ ಈ ಡಬ್ಬಿ ಪೆಡಲ್ಲಿಗೂ ಮಾಸ್ಟರ್ ಸಿಲಿಂಡರಿಗೂ ನಡುವೆ ಕೂರುತ್ತದೆ. ಹೆರಾಲ್ಡಿನಲ್ಲಿ ಅಲ್ಲಿ ಪಕ್ಕದಲ್ಲೇ ಕ್ಲಚ್ಚಿನ ಸಿಲಿಂಡರ್, ಆಚೆ ಬ್ಯಾಟರಿ. ಡಬ್ಬಿ ಕೂರಿಸಬೇಕಾದರೆ ಡ್ಯಾಶಿನ ಹಿಂದಿನ ತಗಡು ಕತ್ತರಿಸಬೇಕು. ಮೊದಲು ನೋಡಿದ ಒಂದು ಗ್ಯಾರೇಜಿನವರು ಗ್ಯಾಸ್ ಕಟ್ಟರ್ ಹಿಡಿದೇ ಬಂದಿದ್ದರು. "ಕತ್ತರಿಸಿದ ಮೇಲೆ ಇದು ಹೆರಾಲ್ಡ್ ಅಲ್ಲ ಸಾರ್" ಅಂದವರು ಭಾಯ್. ಅವರು ಹಿಡಿದದ್ದು ಹಳೆಯ ದಾರಿ. 1960ರ ದಶಕದಲ್ಲೇ ಇಂಗ್ಲೆಂಡಿನಲ್ಲಿ ಗರ್ಲಿಂಗ್, ಲಾಕ್‌ಹೀಡ್ ಕಂಪನಿಗಳು ದೂರದಲ್ಲಿ ಕೂರಿಸುವ ಬೂಸ್ಟರ್ ಮಾರುತ್ತಿದ್ದವು. ಅದಕ್ಕೆ ತನ್ನದೇ ಸಿಲಿಂಡರ್ ಇರುತ್ತದೆ, ಎಣ್ಣೆಯ ಪೈಪಿನ ನಡುವೆ ಸೇರಿಸಿದರೆ ಆಯಿತು, ಜಾಗ ಎಲ್ಲಿದೆಯೋ ಅಲ್ಲಿ ಮಲಗಿಸಬಹುದು.

ಮಾಸ್ಟರ್ ಸಿಲಿಂಡರ್ ಎರಡು ದಾರಿಯದು ಹಾಕಿದರು. ಅದು ಹಳೆಯದಕ್ಕಿಂತ ಉದ್ದ, ಆದರೆ ಬೂಸ್ಟರ್ ಅಲ್ಲಿಲ್ಲವಾದ್ದರಿಂದ ಹಿಡಿಯಿತು. ಬೂಸ್ಟರಿನ ಸಹಾಯ ಮುಂದಿನ ಡಿಸ್ಕಿನ ದಾರಿಗೆ ಮಾತ್ರ, ಹಿಂದಿನ ಡ್ರಮ್ಮು ನೇರ. ಇದರಲ್ಲೊಂದು ಜಾಣತನ ಇದೆ. ಬ್ರೇಕು ಒತ್ತಿದಾಗ ಭಾರ ಮುಂದಕ್ಕೆ ಬಂದು ಹೆರಾಲ್ಡಿನ ಹಿಂಭಾಗ ಏಳುತ್ತದೆ. ಅದರ ಹಿಂದಿನ ಚಕ್ರಗಳು ಬಿಡಿಬಿಡಿಯಾಗಿ ಜೋಲುವಂಥವು, ಆಗ ಒಳಕ್ಕೆ ಮಡಚಿಕೊಳ್ಳುತ್ತವೆ. ಅಲ್ಲಿ ಜಾಸ್ತಿ ಬ್ರೇಕು ಕೊಟ್ಟರೆ ಗಾಡಿ ತಿರುಗಿ ನಿಲ್ಲುತ್ತದೆ.

ಡಿಸ್ಕು, ಕ್ಯಾಲಿಪರ್ ಇಂಗ್ಲೆಂಡಿನಿಂದ ಸಂಬಂಧಿಕರ ಸೂಟ್‌ಕೇಸಿನಲ್ಲಿ ಬಂದವು. ಪೈಪು, ಹೋಸು, ಲೈನಿಂಗು ಎಲ್ಲಾ ಮೌಂಟ್ ರೋಡಿನ ಪಕ್ಕದ ಜನರಲ್ ಪ್ಯಾಟರ್ಸ್ ರಸ್ತೆಯಲ್ಲಿ. ಒಂದು ಎಚ್ಚರಿಕೆ: ಹಳೆಯ ಹೆರಾಲ್ಡಿನ ನಟ್ಟು 3/8 ಇಂಚಿನದು, ಈಗಿನ ಕಾರಿನದು 10 ಮಿಲಿಮೀಟರಿನದು. ವ್ಯತ್ಯಾಸ ಅರ್ಧ ಮಿಲಿಮೀಟರಿಗೂ ಕಡಿಮೆ. ಒಂದರೊಳಗೆ ಇನ್ನೊಂದು ಎರಡು ಸುತ್ತು ಹೋಗಿ ಕೂತ ಹಾಗೆ ನಟಿಸುತ್ತದೆ, ಜೋರಾಗಿ ಒತ್ತಿದ ದಿನ ಕಿತ್ತುಕೊಳ್ಳುತ್ತದೆ. ಹಾಗೆಯೇ ಡ್ರಮ್ಮಿನ ದಾರಿಯಲ್ಲಿ ಸ್ವಲ್ಪ ಒತ್ತಡ ಹಿಡಿದಿಡುವ ವಾಲ್ವ್ ಇದ್ದರೆ ಡಿಸ್ಕಿನ ಕಡೆ ಅದನ್ನು ತೆಗೆಯಬೇಕು, ಇಲ್ಲವಾದರೆ ಪ್ಯಾಡು ಉಜ್ಜುತ್ತಲೇ ಇರುತ್ತದೆ. ಎಲ್ಲಾ ಮುಗಿದ ಮೇಲೆ ಪರೀಕ್ಷೆ ಸುಲಭ. ಎಂಜಿನ್ ನಿಲ್ಲಿಸಿ ನಾಲ್ಕೈದು ಸಲ ತುಳಿದು, ಕಾಲು ಒತ್ತಿಕೊಂಡೇ ಸ್ಟಾರ್ಟ್ ಮಾಡಿ. ಪೆಡಲ್ ಒಂಚೂರು ತಾನಾಗಿ ಇಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ. ಗೆಳೆಯರ ಕಾರಿನಲ್ಲಿ ಇಳಿಯಿತು. ಭಾಯ್ ಚಾ ಕೇಳಿದರು.

ತಗಡು ಕತ್ತರಿಸದಿದ್ದುದಕ್ಕೆ ಇನ್ನೊಂದು ಲಾಭವೂ ಇದೆ. 2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ ಗಾಡಿಗಳಿಗೆ ವಿಂಟೇಜ್ ನೋಂದಣಿಯ ನಿಯಮ ತಂತು. ಗಾಡಿ ಮೂಲರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್ನಿನಲ್ಲಿ ಭಾರಿ ಬದಲಾವಣೆ ಆಗಿರಬಾರದು, ದಿನನಿತ್ಯದ ಓಡಾಟಕ್ಕೆ ಬಳಸಬಾರದು ಅಂತ ಅದರ ಸಾರ. ಗೆಳೆಯರು ಆ ನೋಂದಣಿಗೆ ಹೋಗಿಲ್ಲ, ಭಾನುವಾರದ ಬೀಚು ಬಿಡಲು ಮನಸ್ಸಿಲ್ಲ. ಆದರೂ ಹಳೆಯ ಡ್ರಮ್ಮು, ಸಿಲಿಂಡರು, ಪೈಪು ಎಲ್ಲವನ್ನೂ ಗ್ರೀಸ್ ಹಚ್ಚಿ ಒಂದು ಟ್ರಂಕಿನಲ್ಲಿ ಇಟ್ಟಿದ್ದಾರೆ. ಮುಂದೆ ಯಾರಾದರೂ ಬೇಕೆಂದರೆ ಎರಡು ದಿನದಲ್ಲಿ ವಾಪಸ್ ಹಾಕಬಹುದು.

ವಂಡಲೂರಿನ ಕಥೆ ಮಾತ್ರ ವಾಪಸ್ ಬರುವಂಥದ್ದಲ್ಲ. 1972ರಲ್ಲಿ ಗೆಜೆಲ್ ಅಂತ ಮಾಡಿದರು, ಅದು 1977ಕ್ಕೆ ನಿಂತಿತು. 1985ರಲ್ಲಿ ಇಂಗ್ಲೆಂಡಿನ ರೋವರ್ ಕಾರಿನ ದೊಡ್ಡ ಮೈಯೊಳಗೆ ಹಳೆಯ ವ್ಯಾನ್‌ಗಾರ್ಡ್ ಕಾಲದ ಎಂಜಿನ್ ಇಟ್ಟು ಸ್ಟ್ಯಾಂಡರ್ಡ್ 2000 ತಂದರು. ಎದುರಿಗೆ ಮಾರುತಿ ಬಂದಾಗಿತ್ತು. 1988ಕ್ಕೆ ಎಲ್ಲ ಮುಗಿಯಿತು. ಪಾಡಿಯ ಬ್ರೇಕು ಮಾತ್ರ ಉಳಿದು ಬೆಳೆಯಿತು, ಆಮೇಲೆ ಬಂದ ಎಷ್ಟೋ ಕಂಪನಿಯ ಕಾರುಗಳಿಗೆ ಹೋಯಿತು. ಕಾರು ಮಾಡಿದವರು ಒಂದೇ ಕಾರನ್ನು ನಂಬಿದ್ದರು, ಬ್ರೇಕು ಮಾಡಿದವರು ಎಲ್ಲರಿಗೂ ಮಾರಿದರು. ಪರ ಊರಿಗೆ ಬಂದು ಬದುಕಿದ ನಮಗೆ ಈ ಲೆಕ್ಕ ಹೊಸದೇನಲ್ಲ ಬಿಡಿ.

ನಿಮ್ಮ ಊರಿನಲ್ಲಿ, ನಿಮ್ಮ ನೆಂಟರ ಶೆಡ್ಡಿನಲ್ಲಿ ಎಲ್ಲಾದರೂ ಹೆರಾಲ್ಡ್ ನಿಂತಿದ್ದರೆ ಗುಜರಿಗೆ ಹಾಕುವ ಮೊದಲು ಒಂದು ಮಾತು ತಿಳಿಸಿ. ಭಾಯ್‌ಗೆ ವಯಸ್ಸಾಗುತ್ತಿದೆ, ಅವರ ಬಳಿ ಕೆಲಸ ಕಲಿಯುವ ಹುಡುಗ ಒಬ್ಬನೇ ಇದ್ದಾನೆ.