ನಂಬಿಕೆಯನ್ನು ಹೇಳಿಕೊಂಡವರು ತೆತ್ತ ಬೆಲೆ

ಪುತ್ತೂರು ತಾಲೂಕಿನ ಬೆಟ್ಟಂಪಾಡಿಯಂಥ ಊರುಗಳ ಹಳೆಯ ಮನೆಗಳಿಗೆ ಮಂಗಳೂರು ಹಂಚಿನ ಮಾಡು ಇರುವುದನ್ನು ನಾವೆಲ್ಲ ಕಂಡಿದ್ದೇವೆ. ಆ ಹಂಚಿನ ಹಿಂದೆ, ತಮ್ಮ ನಂಬಿಕೆಯನ್ನು ನಾಲ್ಕು ಜನರೆದುರು ಹೇಳಿಕೊಂಡು ಮನೆ, ಕಸುಬು ಕಳೆದುಕೊಂಡವರ ಚರಿತ್ರೆಯಿದೆ ಎಂಬುದು ಹಲವರಿಗೆ ಗೊತ್ತಿಲ್ಲ.

ಬಾಸೆಲ್ ಮಿಶನ್ನಿನ ಮೊದಲ ಪಾದ್ರಿಗಳು ಮಂಗಳೂರಿಗೆ ಬಂದಿಳಿದದ್ದು 1834ರಲ್ಲಿ. ಹತ್ತು ವರ್ಷಗಳ ಬಳಿಕ, 1844ರ ಜನವರಿಯಲ್ಲಿ, ಅವರ ಇಂಗ್ಲಿಷ್ ಶಾಲೆಯಲ್ಲಿ ಕಲಿತ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ಪಡೆದರು. ಆಗ ಅವರ ವಯಸ್ಸು ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಊರಿನಲ್ಲಿ ದೊಡ್ಡ ಗದ್ದಲವೆದ್ದಿತು. ಗುಟ್ಟಾಗಿ ನಂಬಿದ್ದರೆ ಯಾರೂ ಕೇಳುತ್ತಿರಲಿಲ್ಲ. ಬಹಿರಂಗವಾಗಿ ಹೇಳಿದ್ದೇ ಅಪರಾಧವಾಯಿತು. ಅವರು ಬಾಸೆಲ್‌ಗೆ ಹೋಗಿ ಓದಿ, 1851ರಲ್ಲಿ ಪಾದ್ರಿಯಾಗಿ ಮರಳಿದರು. ಗುರು ಹೆರ್ಮನ್ ಮೊಗ್ಲಿಂಗರ ಹೆಸರನ್ನು ಧರಿಸಿದರೂ ಆನಂದರಾವ್ ಎಂಬುದನ್ನಾಗಲಿ ಕೌಂಡಿನ್ಯ ಎಂಬುದನ್ನಾಗಲಿ ಬಿಡಲಿಲ್ಲ. ಮುಂದೆ ಕೊಡಗಿನಲ್ಲಿ ಹೊಲೆಯ ಸಮುದಾಯದ ಕ್ರೈಸ್ತರಿಗಾಗಿ ಅವರು ನೆಲೆಗೊಳಿಸಿದ ಊರಿಗೆ ಆನಂದಪುರ ಎಂದೇ ಹೆಸರಾಯಿತು.

ಕೊಡವರಾದ ಅಲ್ಮಂಡ ಸೋಮಯ್ಯ 1853ರಲ್ಲಿ ಮಂಗಳೂರಿನಲ್ಲಿ ಕ್ರೈಸ್ತರಾದಾಗ ಅವರ ಮನೆತನವೇ ಅವರನ್ನು ಹೊರಗೆ ಹಾಕಿತು. 1850ರ 21ನೇ ಕಾಯಿದೆಯು ಧರ್ಮ ಬಿಟ್ಟ ಮಾತ್ರಕ್ಕೆ ಯಾರೂ ಆಸ್ತಿಯ ಹಕ್ಕು ಕಳೆದುಕೊಳ್ಳಬಾರದೆಂದು ಹೇಳಿತ್ತು. ಆದರೆ ಕಾಗದದ ಮೇಲಿನ ಹಕ್ಕು ಮನೆಯ ಬಾಗಿಲನ್ನು ತೆರೆಸಲಾರದು.

ಆಸ್ತಿಯೇ ಇಲ್ಲದವರ ಪಾಡಂತೂ ಇನ್ನೂ ಕಠಿಣ. ತುಳುನಾಡಿನಲ್ಲಿ ಈ ಮಿಶನ್ನಿಗೆ ಸೇರಿದವರಲ್ಲಿ ಹೆಚ್ಚಿನವರು ಬಿಲ್ಲವರು. ಕ್ರೈಸ್ತರಾದ ಮೇಲೆ ಕಳ್ಳು ಇಳಿಸುವ ಕಸುಬು ಬಿಡಬೇಕಾಗಿತ್ತು. ಅಳಿಯಸಂತಾನದ ಕುಟುಂಬದಲ್ಲಿ ಜಾಗ ಇಲ್ಲ, ಧಣಿಗಳ ಗದ್ದೆಯಲ್ಲಿ ಗೇಣಿಯ ಭರವಸೆ ಇಲ್ಲ. ಇಂಥವರ ಹೊಟ್ಟೆಪಾಡಿಗೆಂದೇ ಮಿಶನ್ ನೇಯ್ಗೆಯ ಕಾರ್ಖಾನೆ ತೆರೆಯಿತು. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದರು. ನಮ್ಮ ಮಾಡಿನ ಮೇಲಿನ ಹಂಚು ಹುಟ್ಟಿದ್ದು ಹೀಗೆ.

ಮಿಶನರಿಗಳ ಬೆನ್ನಿಗೆ ಬಿಳಿಯರ ಆಡಳಿತವಿತ್ತು ಎಂಬ ಮಾತು ಸುಳ್ಳಲ್ಲ. ಆದರೆ ಆಡಳಿತದ ನೆರಳು ಇದ್ದುದರಿಂದ ಮಗನನ್ನು ಕಳೆದುಕೊಂಡ ತಾಯಿಯ ಅಳುವಾಗಲಿ, ತಾಯಿಯನ್ನು ಬಿಟ್ಟು ಬಂದ ಮಗನ ಒಂಟಿತನವಾಗಲಿ ಕಡಿಮೆಯಾಗುವುದಿಲ್ಲ. ಬೆಲೆ ತೆತ್ತವರು ಈ ಮಣ್ಣಿನ ಮಕ್ಕಳೇ.

ಸಂವಿಧಾನದ 25ನೇ ವಿಧಿ ಧರ್ಮವನ್ನು ಬಹಿರಂಗವಾಗಿ ಹೇಳಿಕೊಳ್ಳುವ, ಆಚರಿಸುವ, ಪ್ರಚಾರ ಮಾಡುವ ಸ್ವಾತಂತ್ರ್ಯವನ್ನು ಎಲ್ಲರಿಗೂ ಕೊಟ್ಟಿದೆ. ಆದರೂ ಕರ್ನಾಟಕದ 2022ರ ಕಾಯಿದೆಯು, ಮತಾಂತರವಾಗಬಯಸುವವರು 30 ದಿನ ಮೊದಲೇ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕೆಂದೂ ಆ ಬಗ್ಗೆ ಆಕ್ಷೇಪಣೆ ಕರೆಯಬೇಕೆಂದೂ ವಿಧಿಸಿತು. ಅದನ್ನು ರದ್ದುಪಡಿಸಲು 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಒಬ್ಬನ ಅಂತರಂಗದ ನಿರ್ಧಾರಕ್ಕೆ ಊರಿನ ಆಕ್ಷೇಪಣೆ ಏಕೆ ಎಂಬ ಪ್ರಶ್ನೆ 1844ರಲ್ಲೂ ಇತ್ತು, ಈಗಲೂ ಇದೆ.

ನಮ್ಮ ನಂಬಿಕೆಯನ್ನು ನಿರ್ಭಯವಾಗಿ ಹೇಳುವ ಹಕ್ಕು ಬೇಕೆಂದು ನಾವೆಲ್ಲ ಕೇಳುತ್ತೇವೆ. ಪಕ್ಕದ ಮನೆಯವನಿಗೂ ಅದು ಇರಲಿ ಎನ್ನುವುದು ಕಷ್ಟವಲ್ಲ. ನಮ್ಮ ಮನೆಯಿಂದಲೇ ಎದ್ದು ಹೋಗುವವನಿಗೂ ಅದು ಇರಲಿ ಎನ್ನುವುದೇ ನಿಜವಾದ ಪರೀಕ್ಷೆ. ಹೇಳುವವನಿಗೆ ಧೈರ್ಯ ಬೇಕು, ನಿಜ. ಆದರೆ ಅಷ್ಟೊಂದು ಧೈರ್ಯ ಬೇಕಾಗುವ ಸಮಾಜವನ್ನು ಕಟ್ಟಿದವರು ನಾವು. ಅದನ್ನು ಬದಲಿಸಬೇಕಾದವರೂ ನಾವೇ.