ಬಾಂದ್ರಾದ ಪ್ಲೇಗ್ ಶಿಲುಬೆಗಳು ಮತ್ತು ಪುನರುತ್ಥಾನದ ವಿಶ್ವಾಸ

ಮುಂಬಯಿಯ ಬಾಂದ್ರಾದಲ್ಲಿ ರಾಣ್ವಾರ್, ಪಾಲಿ, ಚಿಂಬಾಯಿ, ಶೆರ್ಲಿ ಮೊದಲಾದ ಗಾವಠಾಣಗಳ, ಅಂದರೆ ನಗರ ಬಂದು ಸುತ್ತುವರಿಯುವ ಮೊದಲೇ ಇದ್ದ ಹಳ್ಳಿನೆಲೆಗಳ, ಓಣಿಗಳಲ್ಲಿ ಪೀಠದ ಮೇಲೆ ನಿಂತಿರುವ ಶಿಲುಬೆಗಳಲ್ಲಿ ಹಲವು ಪ್ಲೇಗಿನ ಕಾಲದವು. ಅವುಗಳನ್ನು ನಿಲ್ಲಿಸಿದವರು ಪೋರ್ಚುಗೀಸರ ಆಳ್ವಿಕೆಯಲ್ಲಿ ಕ್ರೈಸ್ತರಾದ ಸ್ಥಳೀಯ ಕೋಳಿ, ಕುಣಬಿ, ಭಂಡಾರಿ ಮನೆತನಗಳವರು. ಗೋವಾ ಮತ್ತು ಮಂಗಳೂರುಗಳಿಂದ ಉದ್ಯೋಗಕ್ಕಾಗಿ ಬಂದ ಕಥೋಲಿಕರಿಂದ ತಮ್ಮನ್ನು ಬೇರೆಯಾಗಿ ಗುರುತಿಸಿಕೊಳ್ಳಲು ಇವರು 1887ರಲ್ಲಿ 'ಈಸ್ಟ್ ಇಂಡಿಯನ್' ಎಂಬ ಹೆಸರನ್ನು ಸ್ವೀಕರಿಸಿದರು.

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿಯ ಬಂದರು ವಠಾರದಲ್ಲಿ ಹರಡುತ್ತಿದ್ದ ರೋಗವನ್ನು ಗೋವಾ ಮೂಲದ ಕಥೋಲಿಕ ವೈದ್ಯ ಅಕಾಸಿಯೊ ಗೇಬ್ರಿಯಲ್ ವಿಯೇಗಸ್ ಪ್ಲೇಗೆಂದು ಗುರುತಿಸಿದರು. 1891ರ ಗಣತಿಯಲ್ಲಿ ಎಂಟು ಲಕ್ಷಕ್ಕೂ ಮಿಕ್ಕಿ ಜನರಿದ್ದ ನಗರವನ್ನು ಕೆಲವೇ ತಿಂಗಳುಗಳಲ್ಲಿ ಲಕ್ಷಾಂತರ ಮಂದಿ ತೊರೆದರು; 1897ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಜಾರಿಯಾಗಿ ಮನೆಶೋಧ, ರೋಗಿಗಳ ಬಲವಂತದ ಬೇರ್ಪಡಿಕೆ ನಡೆದವು. ರೋಗಿಯ ಬಳಿ ಸುಳಿಯುವುದಕ್ಕೂ ಶವವನ್ನು ಮುಟ್ಟುವುದಕ್ಕೂ ಬಂಧುಗಳೇ ಹಿಂಜರಿಯುವಂಥ ಕಾಲವದು.

ಶಿಲುಬೆಗಳನ್ನು ಸಾಮಾನ್ಯವಾಗಿ ರೋಗ ತಡೆಯುವ ರಕ್ಷೆಗಳೆಂದೇ ವಿವರಿಸಲಾಗುತ್ತದೆ. ಈ ವಿವರಣೆ ಸುಳ್ಳಲ್ಲವಾದರೂ ಸಾಲದು, ಏಕೆಂದರೆ ಅವುಗಳ ಮುಂದೆ ನಡೆಯುವ ಆಚರಣೆಯ ಮಾತುಗಳು ಬೇರೊಂದನ್ನೂ ಹೇಳುತ್ತವೆ. ಅಲ್ಲಿ ಹೇಳುವ, ಮಂಗಳೂರಿನ ಕೊಂಕಣಿಗರು 'ತೇರ್ಸ್' ಎನ್ನುವ ಜಪಸರ ಪ್ರಾರ್ಥನೆ ಪ್ರೇಷಿತರ ವಿಶ್ವಾಸ ಪ್ರಮಾಣದಿಂದ ಆರಂಭವಾಗುತ್ತದೆ, ಮತ್ತು ಆ ಪ್ರಮಾಣದ ಕೊನೆಯಲ್ಲಿ ಶರೀರದ ಪುನರುತ್ಥಾನವನ್ನು, ಅಂದರೆ ಸತ್ತವರು ದೇಹಸಹಿತ ಎದ್ದುಬರುವರೆಂಬುದನ್ನು, ನೆರೆದವರೆಲ್ಲ ಬಾಯಿಬಿಟ್ಟು ಒಪ್ಪಿಕೊಳ್ಳುತ್ತಾರೆ. ದೇಹಕ್ಕೆ ಮುಂದೆಯೂ ಬಾಳಿದೆಯೆಂದು ನಂಬುವವನಿಗೆ ಬಾವು ಕಟ್ಟಿದ ನೆರೆಯವನ ದೇಹ ಎಸೆದುಬಿಡಬಹುದಾದ ವಸ್ತುವಾಗಲಾರದು. ರೋಗಿಗಳನ್ನು ಕಾಣುವುದು, ಸತ್ತವರನ್ನು ಹೂಳುವುದು ಈ ಎರಡನ್ನೂ ಕಥೋಲಿಕ ಧರ್ಮಸಭೆ ಏಳು ದೈಹಿಕ ಕರುಣಾಕಾರ್ಯಗಳಲ್ಲಿ ಎಣಿಸುವುದರ ಹಿಂದೆಯೂ ದೇಹದ ಬಗೆಗಿನ ಇದೇ ಗೌರವವಿದೆ. ಸಂತ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೆಯ ಅಧ್ಯಾಯದಲ್ಲಿ ಪುನರುತ್ಥಾನವನ್ನು ಅಷ್ಟು ದೀರ್ಘವಾಗಿ ಸಮರ್ಥಿಸಿದ ಮೇಲೆ ತಲಪುವುದು ಪರಲೋಕದ ವರ್ಣನೆಗಲ್ಲ, ಕೈಗೆತ್ತಿಕೊಂಡ ಕೆಲಸದಲ್ಲಿ ಕದಲದೆ ನಿಲ್ಲಿರಿ, ಪಟ್ಟ ಶ್ರಮ ವ್ಯರ್ಥವಾಗದು ಎಂಬ ಬುದ್ಧಿಮಾತಿಗೆ. ಮರಣಭಯ ಸಡಿಲಗೊಂಡಾಗಲೇ ಪರರಿಗಾಗಿ ಅಪಾಯಕ್ಕೆ ಒಡ್ಡಿಕೊಳ್ಳುವ ಧೈರ್ಯ ಸಾಮಾನ್ಯರಿಗೂ ದಕ್ಕುತ್ತದೆಂಬುದು ಅವನ ವಾದದ ಒಳತಿರುಳು.

ಪ್ಲೇಗು ಹೋದ ಮೇಲೂ ಆಚರಣೆ ಉಳಿಯಿತು. ಮೇ ತಿಂಗಳ ಸಂಜೆಗಳಲ್ಲಿ ಶಿಲುಬೆಗೆ ಸುಣ್ಣ ಬಳಿದು, ಹೂಮಾಲೆ ಹಾಕಿ, ಮೇಣದ ಬತ್ತಿ ಹಚ್ಚಿ, ಓಣಿಯವರು ಜಪಸರವನ್ನೂ 'ಲದಿನ್' ಎಂಬ ಸ್ತುತಿಮಾಲೆಯನ್ನೂ ಹೇಳಿ, ಸತ್ತವರನ್ನು ನೆನೆದು, ಬೇಯಿಸಿದ ಕಡಲೆಯನ್ನು ಹಂಚುತ್ತಾರೆ. ಮಾತು ಬಿಟ್ಟ ನೆರೆಹೊರೆಯವರೂ ಒಂದೇ ಪೀಠದ ಮುಂದೆ ನಿಲ್ಲಬೇಕಾಗುವ ಈ ಸಂಜೆಗಳು ಉಪದೇಶಕ್ಕಿಂತ ಹೆಚ್ಚಿನದನ್ನು ಸಾಧಿಸಿರಬೇಕು. 2017ರ ಏಪ್ರಿಲ್‌ನಲ್ಲಿ ಬಜಾರ್ ರಸ್ತೆಯ ಹಳೆಯ ಶಿಲುಬೆಯೊಂದನ್ನು ಮಹಾನಗರಪಾಲಿಕೆ ಅನಧಿಕೃತವೆಂದು ಕೆಡವಿದಾಗ ಕ್ರೈಸ್ತರು ಪ್ರತಿಭಟಿಸಿದರು. ಆಗಿನ ಚರ್ಚೆ ಕಲ್ಲಿನ ವಯಸ್ಸು, ಜಾಗದ ಒಡೆತನಗಳ ಸುತ್ತಲೇ ಹೆಚ್ಚಾಗಿ ಸುತ್ತಿತು. ಆ ಕಲ್ಲಿನ ಮುಂದೆ ನೂರು ವರ್ಷಕ್ಕೂ ಹೆಚ್ಚು ಕಾಲ ರೂಢಿಯಾಗಿ ಬಂದ ಹೊಣೆಗಾರಿಕೆಗೂ ಅಷ್ಟೇ ಬೆಲೆ ಸಿಗಬೇಕಿತ್ತು.